ಸುರುಳಿ ಸಹಿ

ಯಾದಿರಾ ಸಿಸ್ನೆರೋಸ್ ರೇಡಿಯೋ ಸ್ಟೇಷನ್ನಿನ ಬಾಗಿಲನ್ನು ಕೈಯಿಂದ ತೆಗೆಯಲಿಲ್ಲ, ಭುಜದಿಂದ ಗುದ್ದಿ ತೆಗೆದಳು. ಶುಕ್ರವಾರ, ಬೆಳಗಿನ ಎಂಟೂ ಇಪ್ಪತ್ತು. ಒಳಗೆ ಹಾಡು ಓಡುತ್ತಿತ್ತು. ಮೈಕಿನ ಹಿಂದೆ ಎಲಿಸೆಯೊ ಬರ್ರಗಾನ್ ಸೂರ್ಯಕಾಂತಿ ಬೀಜ ಜಗಿಯುತ್ತಾ ತಾಳಕ್ಕೆ ತಲೆ ಆಡಿಸುತ್ತಿದ್ದ. ಅವಳನ್ನು ಕಂಡದ್ದೇ ಅವನ ಎಡಹುಬ್ಬು ನಿಧಾನವಾಗಿ ಮೇಲೇರಿತು.

ಆ ಹುಬ್ಬು ಏರುವುದನ್ನು ನೋಡಲೆಂದೇ ಕಳೆದ ತಿಂಗಳೆಲ್ಲ ಅವಳು ಹತ್ತು ನಿಮಿಷ ಮುಂಚೆ ಬರುತ್ತಿದ್ದಳು ಎಂಬುದು ಬೇರೆ ಮಾತು. ಇವತ್ತು ಅದನ್ನು ಕಿತ್ತು ಅವನ ಕೈಗೇ ಕೊಡಬೇಕು ಅನ್ನಿಸಿತು.

"ಎಪ್ಪತ್ತೆರಡು!" ಎಂದಳು.

"ಬೆಳಿಗ್ಗೆ ಬೆಳಿಗ್ಗೆ ಮಗ್ಗಿ ಒಪ್ಪಿಸೋಕೆ ಬಂದ್ಯಾ?"

"ಎಪ್ಪತ್ತೆರಡು ಓಟು, ಎಲಿಸೆಯೊ. ಬರೀ ನಮ್ಮೂರಿಂದು. ಎಣಿಸ್ದೇ ಪಕ್ಕಕ್ಕೆ ಇಟ್ಟಿದಾರೆ. ಯಾಕೆ ಗೊತ್ತಾ? ಸಹಿ ತಾಳೆ ಆಗಲ್ವಂತೆ. ಡ್ರೈವಿಂಗ್ ಲೈಸೆನ್ಸಲ್ಲಿ ಒಂದು ಥರ, ಅಂಚೇಲಿ ಕಳಿಸೋ ಓಟಿನ ಲಕೋಟೆ ಮೇಲೆ ಇನ್ನೊಂದು ಥರ. ಹಂಗೆ ಹಾಕಿ ಅಂತ ಅವರಿಗೆ ಹೇಳಿದ ಪುಣ್ಯಾತ್ಮ ಯಾರು?"

ಅವನು ಜಗಿಯುವುದನ್ನು ನಿಲ್ಲಿಸಿದ.

"ನಿಮ್ಮಪ್ಪ ಕಲಿಸಿಕೊಟ್ಟ ಸಹಿ ಹಾಕಿ, ಸುರುಳಿ ಗಿರುಳಿ ಎಲ್ಲಾ ಬರ್ಲಿ, ನಾವು ಎಂಥವರು ಅಂತ ಕೌಂಟಿಯವರೂ ನೋಡ್ಲಿ! ಮೈಕಲ್ಲಿ ಹೇಳಿದ ಈ ಡೈಲಾಗು ಯಾರದು?"

"ನಂದೇ."

"ನಾನು ಬರೆದುಕೊಟ್ಟ ಹಾಳೇಲಿತ್ತಾ ಅದು?"

"ಇರ್ಲಿಲ್ಲ."

"ಮತ್ತೆ ನಿನಗ್ಯಾರು ಅಧಿಕಾರ ಕೊಟ್ಟಿದ್ದು?"

ಹಾಡು ಮುಗಿಯುತ್ತ ಬಂತು. ಅವನು ಒಂದು ಬೆರಳು ಎತ್ತಿ, ತಾಳು ಎಂದು ಸನ್ನೆ ಮಾಡಿ, ಮೈಕನ್ನು ಹತ್ತಿರ ಎಳೆದುಕೊಂಡ. ನೇರ ಪ್ರಸಾರದ ಕೆಂಪು ದೀಪ ಹತ್ತುವುದಕ್ಕೆ ಇನ್ನೂ ಎರಡು ಕ್ಷಣ ಇತ್ತು. ಅವಳಿಗೆ ಅಷ್ಟು ಸಾಕಾಯಿತು.

"ನಮ್ಮಮ್ಮನ ಓಟೂ ಅದರಲ್ಲೇ ಇದೆ," ಎಂದಳು.

ಆ ಬೆಳಿಗ್ಗೆ ನಮ್ಮೂರು ಟಾಲಿವರಿನ ಸೇಬಿನ ಗೋದಾಮುಗಳಲ್ಲಿ, ಹಣ್ಣು ಆರಿಸುವ ಸಾಲಿನಲ್ಲಿ ನಿಂತ ಹೆಂಗಸರೆಲ್ಲ ತಲೆಯೆತ್ತಿ ರೇಡಿಯೋ ಕಡೆ ನೋಡಿದರಂತೆ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಎಲಿಸೆಯೊ ಬರ್ರಗಾನನ ಬಾಯಿಂದ ಐದಾರು ಕ್ಷಣ ಮಾತೇ ಹೊರಡಲಿಲ್ಲ.

*

ಚುನಾವಣೆ ಮುಗಿದು ಎರಡೂವರೆ ವಾರವಾಗಿತ್ತು. ಒಡಿಲಿಯಾ ಮಾಂಟೆಸ್ ಎಂಬ ನಿವೃತ್ತ ನರ್ಸಮ್ಮ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಕಮಿಷನರ್ ಹುದ್ದೆಗೆ ನಿಂತಿದ್ದರು. ಹೊಲದ ಗೊಬ್ಬರ ಇಳಿದ ನಮ್ಮ ಬಾವಿಗಳ ನೀರು ಕುಡಿದರೆ ಎಳೆ ಮಕ್ಕಳ ತುಟಿ ನೀಲಿಯಾಗುತ್ತದೆ, ಇದನ್ನು ಇಪ್ಪತ್ತು ವರ್ಷದಿಂದ ಯಾರೂ ಕೇಳುತ್ತಿಲ್ಲ ಎಂಬುದು ಅವರ ಸಿಟ್ಟು. ಆ ಸಿಟ್ಟು ಯಾದಿರಾಳಿಗೂ ಇತ್ತು. ಶಾಲೆಯ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸ ಮುಗಿಸಿ, ಉಳಿದ ಅರ್ಧ ದಿನ ಅವಳು ಪ್ರಚಾರದ ಕಚೇರಿಯಲ್ಲಿ ಸ್ಪ್ಯಾನಿಷ್ ವಿಭಾಗ ನೋಡಿಕೊಳ್ಳುತ್ತಿದ್ದಳು. ವಿಭಾಗ ಎಂದರೆ ಅವಳೊಬ್ಬಳೇ.

ಇಂಗ್ಲಿಷ್ ಕರಪತ್ರ ಎಂಟು ಪುಟ, ಬಣ್ಣಬಣ್ಣದ್ದು. ಸ್ಪ್ಯಾನಿಷಿಗೆ ಅರ್ಧ ಹಾಳೆ. "ಸ್ಪ್ಯಾನಿಷ್ ಕೊನೆಗೆ ನೋಡ್ಕೊಳ್ಳೋಣ" ಎನ್ನುವುದು ಪ್ರಚಾರದ ಉಸ್ತುವಾರಿ ಬ್ರಾಡ್ಲಿಯ ಬಾಯಿಪಾಠ. ದೊಡ್ಡ ಊರಿಂದ ಬಂದ ಮನುಷ್ಯ, ಕೆಟ್ಟವನಲ್ಲ, ಆದರೆ ಅವನ ಪಟ್ಟಿಯಲ್ಲಿ ನಾವು ಯಾವಾಗಲೂ ಕೊನೆಗೇ ಬರುತ್ತಿದ್ದೆವು. ಊರಿನ ಅರ್ಧಕ್ಕಿಂತ ಹೆಚ್ಚು ಮಂದಿ ಮಾತಾಡುವ ಭಾಷೆಗೆ ಅರ್ಧ ಹಾಳೆ! ಕೊನೆಗೆ ಯಾದಿರಾ ಕಾಡಿಬೇಡಿ ರೇಡಿಯೋದಲ್ಲಿ ದಿನಕ್ಕೆ ಎರಡು ನಿಮಿಷ ಕೊಡಿಸಿಕೊಂಡಳು. ಲಕೋಟೆ ಯಾವಾಗ ಅಂಚೆಯಲ್ಲಿ ಬರುತ್ತದೆ, ಎಲ್ಲಿ ಹಾಕಬೇಕು, ಒಡಿಲಿಯಾ ಏನು ಹೇಳುತ್ತಾರೆ, ಎದುರಾಳಿ ಏನು ಹೇಳುತ್ತಾನೆ. ಆರು ವಾರ ದಿನಾ ಬೆಳಿಗ್ಗೆ ಅವಳು ಒಂದು ಹಾಳೆ ತಂದುಕೊಡುವುದು, ಅವನು ಅದನ್ನು ತನ್ನ ಮಾತಿಗೆ ತಿರುಗಿಸಿ ಓದುವುದು, ಅವಳು ಗಾಜಿನ ಈಚೆ ನಿಂತು ಕಣ್ಣು ಕೆಕ್ಕರಿಸುವುದು, ಅವನು ಓದುತ್ತಲೇ ಕಣ್ಣು ಮಿಟುಕಿಸುವುದು.

ಒಡಿಲಿಯಾ ನಾನೂರ ಹನ್ನೊಂದು ಓಟಿನಿಂದ ಸೋತರು. ಮಾರನೇ ವಾರವೇ ಕಚೇರಿಗೆ ಬೀಗ ಬಿತ್ತು. ಸಹಿ ತಾಳೆಯಾಗದೆ ಉಳಿದವರ ಪಟ್ಟಿ ಗುರುವಾರ ಸಂಜೆ ಯಾದಿರಾಳ ಕೈಗೆ ಸಿಕ್ಕಿತು. ಓಣಿ ಓಣಿಯ ಹೆಸರು ಓದುತ್ತಾ ಹೋಗಿ, ಹದಿನೇಳನೆಯ ಹೆಸರಿನ ಹತ್ತಿರ ಅವಳ ಬೆರಳು ನಿಂತಿತು. ರೆಫುಹಿಯೊ ಸಿಸ್ನೆರೋಸ್, ಅವಳ ತಾಯಿ. ತಕ್ಷಣ ಬ್ರಾಡ್ಲಿಗೆ ಫೋನ್ ಮಾಡಿದಳು.

"ಎಪ್ಪತ್ತೆರಡು ಸೇರಿಸಿದ್ರೂ ನಾವು ಗೆಲ್ಲಲ್ಲ ಯಾದಿರಾ, ಬಿಟ್ಬಿಡು," ಎಂದ ಅವನು.

ಗೆಲ್ಲಲು ಬೇಕಿದ್ದಾಗ ಅದು ಅಮೂಲ್ಯವಾದ ಓಟು. ಸೋತ ಮೇಲೆ ಬರೀ ಕಾಗದ. ಅವಳು ರಾತ್ರಿಯಿಡೀ ಹಲ್ಲು ಕಡಿದು, ಬೆಳಗಾಗುತ್ತಲೇ ಕೈಗೆ ಸಿಗುವ ಮನುಷ್ಯನ ಮೇಲೆ ಹರಿಹಾಯಲು ಹೊರಟಿದ್ದಳು.

*

"ಸರಿಮಾಡೋಕೆ ಸೋಮವಾರ ನಾಲ್ಕೂವರೆ ಗಂಟೆವರೆಗೆ ಟೈಮಿದೆ," ಎಂದಳು, ಕಾರ್ಯಕ್ರಮ ಮುಗಿಸಿ ಬಂದ ಅವನ ಪಿಕಪ್ ಗಾಡಿ ಹತ್ತುತ್ತಾ. "ಒಬ್ಬೊಬ್ಬರ ಮನೆಗೂ ಹೋಗಿ ಕೌಂಟಿಯವರ ಈ ಫಾರಂ ಮೇಲೆ ಹೊಸದಾಗಿ ಸಹಿ ಹಾಕಿಸ್ಬೇಕು. ನನ್ನ ಕಾರು ಗ್ಯಾರೇಜಲ್ಲಿದೆ. ಇಲ್ದಿದ್ರೆ ನಿನ್ನ ಮುಖ ನೋಡೋ ಗ್ರಹಚಾರ ನಂಗಿರ್ಲಿಲ್ಲ."

"ಫಾರಂ ಕೊಡು, ಒಂದ್ಸಲ ಓದ್ತೀನಿ."

ಅವಳು ಫಾರಮ್ಮಿನ ಕಟ್ಟನ್ನು ಎದೆಗೆ ಅವಚಿಕೊಂಡಳು. "ನೀನು ಓದಿದ್ದು ಸಾಕು. ಇನ್ಮೇಲೆ ನೀನು ಒಂದಕ್ಷರ ಸೇರಿಸೋ ಹಾಗಿಲ್ಲ, ಒಂದಕ್ಷರ ಬಿಡೋ ಹಾಗಿಲ್ಲ. ಗಾಡಿ ಓಡ್ಸು, ಅಷ್ಟೇ ನಿನ್ನ ಕೆಲ್ಸ."

"ಹಾಡಬಹುದಾ?"

"ಹಾಡಿದ್ರೆ ಇಳಿದು ನಡ್ಕೊಂಡು ಹೋಗ್ತೀನಿ."

ಮೊದಲು ಹೋದದ್ದು ಅವಳ ತಾಯಿಯ ಮನೆಗೇ. ಊರೆಲ್ಲ ಗೌರವದಿಂದ ದೋನ್ಯಾ ಕೂಕಾ ಎಂದು ಕರೆಯುವ ಹೆಂಗಸು. ಮೂವತ್ತೆಂಟು ವರ್ಷ ಗೋದಾಮಿನಲ್ಲಿ ನಿಂತು ಸೇಬು ಆರಿಸಿ, ಅರವತ್ತೆರಡಕ್ಕೆ ಪೌರತ್ವದ ಪರೀಕ್ಷೆ ಪಾಸು ಮಾಡಿ, ಈ ಸಲ ಜೀವಮಾನದಲ್ಲೇ ಮೊದಲ ಓಟು ಹಾಕಿದವಳು. ಪರೀಕ್ಷೆಗೆ ಕೂರು ಕೂರು ಎಂದು ಮೂರು ವರ್ಷ ಪ್ರಾಣ ತಿಂದವಳು ಮಗಳೇ. ಕೌಂಟಿಯ ಕಾಗದ ಅಡುಗೆಮನೆಯಲ್ಲಿ ಅಂಗಡಿಗಳ ಜಾಹೀರಾತಿನ ರಾಶಿಯ ಕೆಳಗೆ ಸಿಕ್ಕಿತು. ಪೂರಾ ಇಂಗ್ಲಿಷಿನಲ್ಲಿತ್ತು. ಒಡೆದೇ ಇರಲಿಲ್ಲ.

"ಅಮ್ಮಾ, ನಿನ್ನ ಸಹಿ ತಪ್ಪಾಗಿದೆಯಂತೆ. ಲೈಸೆನ್ಸಲ್ಲಿ ಬರೆದ ಹಾಗೇ ಇಲ್ಲಿ ಬರೆದುಬಿಡು."

ಕೂಕಾ ಕೈಗಂಟಿದ ಜೋಳದ ಹಿಟ್ಟನ್ನು ಕೊಡವಿಕೊಂಡಳು. "ಯಾರ ಸಹಿ ತಪ್ಪು?"

"ತಪ್ಪು ಅಂದ್ರೆ, ಅದಕ್ಕೂ ಇದಕ್ಕೂ ಹೊಂದಲ್ಲ."

"ಹೊಂದಲ್ಲ, ಯಾಕಂದ್ರೆ ಲೈಸೆನ್ಸಿಂದು ನನ್ನ ಸಹಿಯೇ ಅಲ್ಲ! ಅವತ್ತು ಆ ಕಿಟಕಿಯಲ್ಲಿ ಕೂತಿದ್ದ ಹುಡುಗಿ ಏನಂದ್ಲು ಗೊತ್ತಾ? ಇದು ಗೀಚಿದ ಹಾಗಿದೆ, ಹೆಸರು ಬಿಡಿಬಿಡಿಯಾಗಿ ಬರೀರಿ ಅಂದ್ಲು. ನನ್ನ ಹಿಂದೆ ಹದಿನೈದು ಜನ ನಿಂತು ನೋಡ್ತಾ ಇದ್ರು. ಮಗು ಥರ ಬರೆದೆ. ಕೈ ನಡುಗ್ತಿತ್ತು. ಅದನ್ನೇ ಮತ್ತೆ ಬರೀಬೇಕಾ ನಾನು?"

ಗಡಿಯಾಚೆಯಿಂದ ಬಂದ ನಮ್ಮವರ ಸಹಿ ಹೆಸರು ಓದಿಸಿಕೊಳ್ಳುವುದಕ್ಕಲ್ಲ. ಹದಿನೈದಕ್ಕೆ ಬಂದ ಮಕ್ಕಳು ಅಪ್ಪನದನ್ನು ನೋಡಿ, ಹಳೇ ಚೀಲ, ಪತ್ರಿಕೆಯ ಅಂಚು, ಸಿಕ್ಕಿದ್ದರ ಮೇಲೆಲ್ಲ ಗೀಚಿ ಗೀಚಿ ತಮ್ಮದೇ ಒಂದು ಸುರುಳಿ ಕಂಡುಕೊಳ್ಳುತ್ತಾರೆ, ಸಾಯುವ ತನಕ ಅದೇ. ಅಕ್ಷರ ಕಾಣದಿದ್ದರೂ ಇದು ಇಂಥವರದು ಎಂದು ಊರಿಗೆ ಊರೇ ಹೇಳುತ್ತದೆ. ಲೈಸೆನ್ಸು ಮಾಡಿಸುವಾಗ ಮಾತ್ರ ಗುಮಾಸ್ತರ ಕಾಟಕ್ಕೆ ಹೆಸರು ಬರೆದುಕೊಟ್ಟು ಬರುತ್ತೇವೆ. ಯಾದಿರಾ ಹುಟ್ಟಿದ್ದೇ ಇಲ್ಲಿ. ಅವಳಿಗೆ ಇರುವುದು ಒಂದೇ ಸಹಿ, ಶಾಲೆಯಲ್ಲಿ ಕಲಿತದ್ದು.

"ಅಮ್ಮಾ, ಒಂದ್ನಿಮಿಷದ ಕೆಲಸ. ಹಟ ಮಾಡ್ಬೇಡ."

"ಹೊರಗೆ ನಡೀರಿ ಇಬ್ರೂ," ಎಂದಳು ಕೂಕಾ. ಆಮೇಲೆ ಎಲಿಸೆಯೊ ಕಡೆ ತಿರುಗಿ, "ನೀನು ಸಾಯಂಕಾಲ ಬಂದು ತಮಾಲೆ ಕಡುಬು ತಗೊಂಡು ಹೋಗು. ಇವಳಿಗಿಲ್ಲ," ಎಂದಳು.

*

ಶುಕ್ರವಾರ ಇಪ್ಪತ್ತು ಮನೆ, ಶನಿವಾರ ಇನ್ನೂ ಹದಿನೇಳು. ಯಾದಿರಾ ಒಂದೊಂದು ಮನೆಯಲ್ಲೂ ಲೈಸೆನ್ಸ್ ತೆಗೆಸಿ, ಮೇಜಿನ ಮೇಲಿಟ್ಟು, "ಇದೇ ಥರ, ಇದೇ ಥರ" ಎಂದು ಬರೆಸಿದಳು. ಎಪ್ಪತ್ತೊಂದು ವರ್ಷದ ಹಿರಿಯ ದೊನ್ ಫೆರ್ಮಿನ್ ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದು ಮುಗಿಸಿ, ಯಾರ ಮುಖವನ್ನೂ ನೋಡದೆ ಎದ್ದು ಹೋದರು. ಎಲಿಸೆಯೊ ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಜನ ಅವನನ್ನು ಕಂಡು, "ಏನಪ್ಪಾ ರೇಡಿಯೋ, ನಮ್ಮನ್ನ ಚೆನ್ನಾಗಿ ಸಿಕ್ಕಿಸಿಹಾಕ್ದೆ!" ಎಂದು ರೇಗಿಸಿದರೆ, ಟೋಪಿ ತೆಗೆದು ತಲೆಬಾಗಿಸಿ, "ಬೈದುಬಿಡಿ, ಇವತ್ತು ಬೈಸಿಕೊಳ್ಳೋಕೇ ಬಂದಿದೀನಿ" ಎನ್ನುತ್ತಿದ್ದ.

ಅವನು ಹಾಗೆ ತಲೆಬಾಗಿಸಿದಾಗ ಕತ್ತಿನ ಹಿಂದೆ ಕೂದಲು ಸಣ್ಣಗೆ ಸುತ್ತಿಕೊಂಡದ್ದು ಕಾಣುತ್ತಿತ್ತು. ಅದನ್ನು ನೋಡಬಾರದು ಎಂದು ಯಾದಿರಾ ತೀರ್ಮಾನಿಸಿದಳು. ನಾಲ್ಕನೇ ಮನೆಯಿಂದ ಹದಿನಾಲ್ಕನೇ ಮನೆಯವರೆಗೆ ಅದನ್ನೇ ನೋಡಿದಳು. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ಶನಿವಾರ ಮಧ್ಯಾಹ್ನ, ಎಲೆ ಉದುರಿದ ಸೇಬಿನ ತೋಟದ ಪಕ್ಕ ಗಾಡಿ ನಿಲ್ಲಿಸಿಕೊಂಡು ಇಬ್ಬರೂ ರೊಟ್ಟಿಯಲ್ಲಿ ಸುತ್ತಿದ ಕಾಳಿನ ಪಲ್ಯ ತಿನ್ನುತ್ತಿದ್ದರು. ಕೈ ಒರೆಸಿಕೊಳ್ಳಲು ಏನಾದರೂ ಸಿಗುತ್ತದೇನೋ ಎಂದು ಅವಳು ಮುಂದಿನ ಖಾನೆ ಎಳೆದಳು. ಒಳಗೆ ಹಾಳೆಗಳ ಕಟ್ಟು. ಅವಳದೇ ಬರಹ. ಮೊದಲ ದಿನದಿಂದ ಕೊನೆಯ ದಿನದವರೆಗೆ, ಒಂದನ್ನೂ ಬಿಡದೆ, ತಾರೀಖಿನ ಪ್ರಕಾರ ಜೋಡಿಸಿಟ್ಟಿತ್ತು.

"ಇದೇನಿದು?"

ಎಲಿಸೆಯೊನ ಕಿವಿ ಕೆಂಪಾಯಿತು. "ಕಾಗದ."

"ಓದಿ ಆದ್ಮೇಲೆ ಬಿಸಾಕೋದಲ್ವಾ?"

"ಬಿಸಾಕೋಕೆ ಮನಸ್ಸು ಬರ್ಲಿಲ್ಲ." ಅವನು ಕಿಟಕಿಯಾಚೆ ನೋಡಿದ. "ನಾನೂ ಒಂದು ಕೇಳ್ಲಾ? ಇದನ್ನೆಲ್ಲ ಇಮೇಲ್ ಮಾಡಬಹುದಿತ್ತಲ್ಲ. ದಿನಾ ಎಂಟು ಗಂಟೆಗೆ ಆ ಚಳೀಲಿ ಯಾಕೆ ಬರ್ತಿದ್ದೆ?"

"ನೀನ್ಯಾಕೆ ಇಮೇಲ್ ಮಾಡು ಅನ್ಲಿಲ್ಲ?"

"ಅಂದಿದ್ರೆ ಮಾಡ್ಬಿಡ್ತೀಯೇನೋ ಅಂತ ಭಯ."

ಅವಳಿಗೆ ನಗು ಉಕ್ಕಿ ಬಂತು. ಈಗ ನಕ್ಕರೆ ಎಪ್ಪತ್ತೆರಡು ಜನರಿಗೆ ದ್ರೋಹ ಮಾಡಿದಂತೆ ಎನಿಸಿ ತುಟಿ ಕಚ್ಚಿಕೊಂಡು, ಸಿಟ್ಟನ್ನು ಮತ್ತೆ ಕೈಗೆತ್ತಿಕೊಂಡಳು. ಕಟ್ಟಿನಿಂದ ಅಕ್ಟೋಬರ್ ಇಪ್ಪತ್ತೊಂದರ ಹಾಳೆಯನ್ನು ಹುಡುಕಿ ತೆಗೆದಳು. "ನೋಡು, ಇಲ್ಲಿದೆ. ಎಲ್ಲಿದೆ ಇದರಲ್ಲಿ ಅಪ್ಪ ಕಲಿಸಿದ ಸಹಿ?"

"ಓದು."

"'ಲಕೋಟೆಯ ಮೇಲೆ ಸಹಿ ಹಾಕುವುದನ್ನು ಮರೆಯಬೇಡಿ.'"

"ಆಮೇಲೆ?"

ಆಮೇಲೆ ಏನೂ ಇರಲಿಲ್ಲ. ಮುಂದಿನ ಸಾಲು ಅಂಚೆಪೆಟ್ಟಿಗೆಯ ಬಗ್ಗೆ.

"ಅವತ್ತು ನಾನು ಇದನ್ನ ಓದಿದ ಮೇಲೆ ಹನ್ನೊಂದು ಜನ ಫೋನ್ ಮಾಡಿದ್ರು," ಎಂದ ಎಲಿಸೆಯೊ. ಅವನ ದನಿ ರೇಡಿಯೋದ ದನಿಯಾಗಿರಲಿಲ್ಲ, ಒಣಗಿತ್ತು. "ಯಾವ ಸಹಿ ಹಾಕೋದು, ಲೈಸೆನ್ಸಿಂದಾ, ನಂದಾ ಅಂತ. ನಿಂಗೆ ಮೂರು ಸಲ ಫೋನ್ ಮಾಡ್ದೆ. ನೀನು ಬ್ರಾಡ್ಲಿ ಮೀಟಿಂಗಲ್ಲಿದ್ದೆ. ಹಾಡು ಮುಗೀತಿತ್ತು, ಜನ ಕಾಯ್ತಿದ್ರು. ನಂಗೆ ಓಟಿಲ್ಲ ಯಾದಿರಾ. ಹತ್ತೊಂಬತ್ತು ವರ್ಷದಿಂದ ಇಲ್ಲಿದೀನಿ, ಪೌರತ್ವ ಸಿಕ್ಕಿಲ್ಲ, ಓಟಿಲ್ಲ. ಇದ್ದಿದ್ರೆ ಹ್ಯಾಗೆ ಹಾಕ್ತಿದ್ದೆ ಅಂತ ನೆನೆಸ್ಕೊಂಡೆ. ಅದನ್ನೇ ಹೇಳ್ದೆ. ತಪ್ಪು ನಂದೇ, ಇಲ್ಲ ಅನ್ನಲ್ಲ. ಆದ್ರೆ ಎರಡು ದಿನದಿಂದ ನೀನು ಹೇಳ್ತಿರೋ ಹಾಗೆ ಮೋಜಿಗೆ ಹೇಳಿದ್ದಲ್ಲ."

ಅವಳು ಆ ಹಾಳೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಯಾವ ಸಹಿ ಎಂಬ ಪ್ರಶ್ನೆ ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಕ್ಷಮಿಸು ಎಂಬ ಮಾತು ಗಂಟಲವರೆಗೆ ಬಂದು ಅಲ್ಲೇ ಕೂತಿತು.

"ಗಾಡಿ ತೆಗಿ," ಎಂದಳು.

*

ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗುವ ಮೊದಲು ಕೂಕಾ ತಾನೇ ಫೋನ್ ಮಾಡಿ ಕರೆದಳು. ಇಬ್ಬರೂ ಹೋದಾಗ ಕಪ್ಪು ಶಾಲು ಹೊದ್ದು ಮೇಜಿನ ಮುಂದೆ ಕೂತಿದ್ದಳು. ಕನ್ನಡಕ, ಪೆನ್ನು, ಎರಡೂ ಮುಂದಿದ್ದವು.

"ಕೂತ್ಕೋ ರೇಡಿಯೋ," ಎಂದಳು. "ಆ ಫಾರಂನ ನಂಗೆ ಓದಿ ಹೇಳು. ಮೇಲಿಂದ ಕೆಳಗಿನವರೆಗೆ, ಒಂದೂ ಬಿಡದೆ. ನನ್ನ ಮಗಳು ಏನು ಮಾಡ್ಬೇಕು ಅಂತ ಮಾತ್ರ ಹೇಳ್ತಾಳೆ, ಅದರಲ್ಲಿ ಏನಿದೆ ಅಂತ ಹೇಳಲ್ಲ."

"ಅಮ್ಮಾ, ಟೈಮಿಲ್ಲ."

"ನಂಗೆ ಅರವತ್ತೆರಡು ವರ್ಷ ಟೈಮಿತ್ತು. ಇನ್ನು ಹತ್ತು ನಿಮಿಷ ಇದೆ."

ಎಲಿಸೆಯೊ ಯಾದಿರಾಳ ಮುಖ ನೋಡಿದ. ಅವಳು ಫಾರಂ ಅವನ ಕಡೆ ತಳ್ಳಿದಳು. ಇಂಗ್ಲಿಷ್ ಅವನಿಗೆ ಸರಾಗವಲ್ಲ. ಒಂದು ಸಾಲು ಮೆಲ್ಲಗೆ ಓದಿಕೊಳ್ಳುತ್ತಾ, ಅರ್ಥ ಕಟ್ಟಿಕೊಂಡು ಸ್ಪ್ಯಾನಿಷಿನಲ್ಲಿ ಹೇಳುತ್ತಾ ಹೋದ. ಹೆಸರು, ವಿಳಾಸ, ಜನ್ಮದಿನ. ಪೆಟ್ಟಿಗೆಯ ಕೆಳಗಿನ ಸಣ್ಣ ಅಕ್ಷರದ ಮೂರನೇ ಸಾಲಿಗೆ ಬಂದು ನಿಂತ. ಮತ್ತೊಮ್ಮೆ ಓದಿದ. ಬೆರಳಿಟ್ಟು ಇನ್ನೊಮ್ಮೆ ಓದಿದ.

"ಏನಾಯ್ತು?" ಎಂದಳು ಕೂಕಾ.

"ಈ ಫಾರಮ್ಮಿನ ಸಹಿ ಲಕೋಟೆ ಮೇಲಿನ ಸಹಿಗೆ ಹೊಂದಬೇಕು ಅಂತಿದೆ," ಎಂದ ನಿಧಾನವಾಗಿ. "ಲೈಸೆನ್ಸಿಗಲ್ಲ. ಇವತ್ತು ನೀವು ಹಾಕಿದ್ದೇ ಇನ್ಮುಂದೆ ಕೌಂಟಿಯವರ ಹತ್ರ ಇರುತ್ತೆ. ಹಳೇದು ಹೋಗುತ್ತೆ."

"ಅಂದ್ರೆ ನನ್ನ ಸಹಿಯೇ?"

"ನಿಮ್ಮ ಸಹಿಯೇ, ದೋನ್ಯಾ."

ಯಾದಿರಾ ಫಾರಂ ಕಿತ್ತುಕೊಂಡು ಓದಿದಳು. ಆ ಸಾಲು ಅಲ್ಲಿತ್ತು. ಮೊದಲಿಂದಲೂ ಇತ್ತು. ಲೈಸೆನ್ಸಿನದೇ ಸರಿ, ನಮ್ಮದೇ ತಪ್ಪು ಎಂದು ಅವಳು ಮೊದಲೇ ಒಪ್ಪಿಕೊಂಡುಬಿಟ್ಟಿದ್ದಳು. ಹಾಗಾಗಿ ಕಣ್ಣು ಅದರ ಮೇಲೆ ಹಾದುಹೋಗಿತ್ತು. ಮೂವತ್ತಾರು ಜನರ ಕೈಯಲ್ಲಿ ಅಕ್ಷರ ತಿದ್ದಿಸಿದ್ದಳು. ಆ ಮೂವತ್ತಾರೂ ಈಗ ಕಸ. ಅವಳೇ ಮಾಡಿದ ಕಸ.

ಕೂಕಾ ಪೆನ್ನೆತ್ತಿಕೊಂಡಳು. ಮಣಿಕಟ್ಟನ್ನು ಒಮ್ಮೆ ಸಡಿಲಿಸಿಕೊಂಡು ಒಂದೇ ಉಸಿರಿಗೆ ಎಳೆದಳು. ಮೇಲೆ ಹೋಯಿತು, ಹಿಂದೆ ಬಂತು, ಮೂರು ಸುತ್ತು ಸುತ್ತಿ ಬಲಕ್ಕೆ ಉದ್ದಕ್ಕೆ ಹೊರಟು, ಒಂದು ಚುಕ್ಕೆಯಲ್ಲಿ ನಿಂತಿತು. ಕೈ ಒಂದಿಷ್ಟೂ ನಡುಗಲಿಲ್ಲ.

"ತಗೊಂಡು ಹೋಗು," ಎಂದಳು ಮಗಳಿಗೆ. ಗೆದ್ದ ದನಿಯೇನೂ ಇರಲಿಲ್ಲ.

ಹೊರಗೆ ಬಂದು ಗಾಡಿಯ ಬಾಗಿಲು ಹಿಡಿದುಕೊಂಡು ಯಾದಿರಾ ನಿಂತೇ ಇದ್ದಳು. ಅವನು ಈಗ ಹೇಳಬಹುದಿತ್ತು. ಶುಕ್ರವಾರವೇ ಫಾರಂ ಕೇಳಿದ್ದೆನಲ್ಲ ಎಂದು ಒಂದು ಮಾತು ಎತ್ತಿದರೂ ಅವಳು ಅಲ್ಲೇ ಕುಸಿಯುತ್ತಿದ್ದಳು. ಅವನು ಎತ್ತಲಿಲ್ಲ.

"ಪೂಜೆ ಮುಗಿದ ಮೇಲೆ ಎಲ್ಲರೂ ಚರ್ಚಿನ ಹಾಲಲ್ಲೇ ಊಟಕ್ಕೆ ಕೂತಿರ್ತಾರೆ," ಎಂದ. "ನಾನೇ ಹೇಳ್ತೀನಿ. ಹೇಗೂ ನನ್ನ ಮೇಲೆ ಸಿಟ್ಟಲ್ಲಿದಾರೆ. ಇದೂ ನಾನೇ ತಪ್ಪು ಹೇಳ್ಸಿದ್ದು ಅಂದ್ರೆ ನಂಬ್ತಾರೆ. ನೀನು ಫಾರಂ ಹಂಚು ಸಾಕು."

ಅವಳು ಗಿರ್ರನೆ ತಿರುಗಿದಳು. "ಏನಂದೆ?"

"ನೀನ್ಯಾಕೆ ಬೈಸ್ಕೋಬೇಕು ಅಂತ..."

"ನನ್ನ ತಪ್ಪನ್ನ ನೀನು ಹೊರ್ತೀಯಾ? ದೊಡ್ಡ ಮನುಷ್ಯ! ನಾನೇನು ಗಾಜಿನ ಬೊಂಬೆನಾ? ಆ ಮುದುಕನ ಮುಂದೆ ಲೈಸೆನ್ಸ್ ಇಟ್ಟು ತಿದ್ದಿಸಿದ್ದು ನಾನು. ಅವರು ತಲೆ ತಗ್ಗಿಸ್ಕೊಂಡು ಎದ್ದು ಹೋಗಿದ್ದನ್ನ ನೋಡಿದ್ದೂ ನಾನು. ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ, ಅಷ್ಟು ಮಾಡು."

"ನಿಂತ್ಕೋತೀನಿ," ಎಂದ ಅವನು.

ಅವಳು ಅತ್ತಳು. ಸಿಟ್ಟಿನಿಂದಲೇ ಅತ್ತಳು, ಮೂಗೊರೆಸಿಕೊಂಡಳು, ಗಾಡಿ ಹತ್ತಿದಳು. ಅವನು ತನ್ನ ಕರವಸ್ತ್ರವನ್ನು ಇಬ್ಬರ ನಡುವಿನ ಸೀಟಿನ ಮೇಲಿಟ್ಟ.

*

ಹಾಲಿನಲ್ಲಿ ಮೆನೂದೋ ಸಾರಿನ ಹಬೆ, ಮಕ್ಕಳ ಗಲಾಟೆ. ಯಾದಿರಾ ಕುರ್ಚಿ ಹತ್ತಿ ನಿಂತಳು. ಜನರ ಮುಂದೆ ನಿಂತು ಮಾತಾಡಿ ಅವಳಿಗೆ ಅಭ್ಯಾಸವಿಲ್ಲ, ಆದರೂ ಕೂಗಿಯೇ ಹೇಳಿದಳು.

"ಎರಡು ದಿನದಿಂದ ನಾನು ನಿಮಗೆ ತಪ್ಪು ಹೇಳ್ದೆ. ಫಾರಂ ಪೂರ್ತಿ ಓದ್ದೇ ಹೇಳ್ದೆ. ನಿಮ್ಮ ಸಹಿ ತಪ್ಪಲ್ಲ. ಲಕೋಟೆ ಮೇಲೆ ನೀವು ಹಾಕಿದ್ದೇ ಸರಿ. ಅದನ್ನೇ ಇನ್ನೊಂದ್ಸಲ ಹಾಕ್ಕೊಡಿ ಅಂತ ಕೇಳ್ಕೋತೀನಿ."

ಮೇಜುಗಳ ನಡುವೆ ಗುಜುಗುಜು ಎದ್ದಿತು.

"ಎಷ್ಟು ಸಲ ಹಾಕಿಸ್ತೀಯೇ?" ಎಂದು ಹಿಂದಿನ ಮೇಜಿನಿಂದ ಒಬ್ಬ ಹೆಂಗಸು ಕೂಗಿದಳು. "ನನ್ನ ಮದುವೇಲೂ ಇಷ್ಟು ಸಹಿ ಹಾಕಿರ್ಲಿಲ್ಲ!"

"ಈ ಸಲ ಹಾಕಿದ್ರೆ ಗಂಡ ಬದಲಾಗ್ತಾನಾ ಕೇಳಿ!" ಎಂದಳು ಇನ್ನೊಬ್ಬಳು. ಹಾಲೆಲ್ಲ ನಕ್ಕಿತು. ಯಾದಿರಾ ನಗಲಿಲ್ಲ. ದೊನ್ ಫೆರ್ಮಿನ್ ಎದ್ದು ನಿಂತಿದ್ದರು.

"ಒಂದನೇ ಕ್ಲಾಸಿನ ಹುಡುಗನ ಥರ ನನ್ನ ಹತ್ರ ಅಕ್ಷರ ತಿದ್ದಿಸಿದ್ಯಲ್ಲ ಮಗಳೇ," ಎಂದರು. "ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ."

"ಹೌದು ದೊನ್ ಫೆರ್ಮಿನ್. ತಪ್ಪಾಯ್ತು. ಕ್ಷಮಿಸಿ."

ನಿನ್ನೆ ಗಂಟಲಲ್ಲಿ ಕೂತಿದ್ದ ಮಾತು ಹೊರಬಂತು. ಅದನ್ನು ಹೇಳುವಾಗ ಅವಳು ಒಮ್ಮೆ ಮುದುಕನ ಕಡೆ, ಒಮ್ಮೆ ಪಕ್ಕದಲ್ಲಿ ನಿಂತವನ ಕಡೆ ನೋಡಿದಳು. ಎಲಿಸೆಯೊ ಆ ನೋಟವನ್ನು ಹಿಡಿದುಕೊಂಡ, ಬಿಡಲಿಲ್ಲ. ಅವನ ಹುಬ್ಬು ಏರಲಿಲ್ಲ. ಕಣ್ಣಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಅವಳು ಕುರ್ಚಿಯಿಂದ ಇಳಿದು ಫಾರಂಗಳನ್ನು ಮೇಜಿನ ಮೇಲೆ ಹರಡಿದಳು.

ದೊನ್ ಫೆರ್ಮಿನ್ ಬಂದು ಪೆನ್ನು ಕೇಳಿದರು. ಅವರ ಹಿಂದೆ ಸಾಲು ನಿಂತಿತು.

ಸೋಮವಾರ ಬೆಳಿಗ್ಗೆ ಎಲಿಸೆಯೊ ಉಳಿದವರನ್ನು ರೇಡಿಯೋದಲ್ಲಿ ಹೆಸರು ಹೇಳಿ ಹೇಳಿ ಕರೆದ. ಮೂರೂ ಐವತ್ತಕ್ಕೆ ಕೌಂಟಿ ಕಚೇರಿಯ ಕಿಟಕಿಯಲ್ಲಿ ಅರವತ್ತೊಂಬತ್ತು ಫಾರಂ ಕೊಟ್ಟರು. ಒಬ್ಬ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ, ಒಬ್ಬಾಕೆ ಆಸ್ಪತ್ರೆಯಲ್ಲಿದ್ದಳು, ಇನ್ನೊಬ್ಬ ಮಾತ್ರ ಸಾಕು ನಿಮ್ಮ ಸಹವಾಸ ಎಂದು ಬಾಗಿಲು ಹಾಕಿಕೊಂಡಿದ್ದ. ಅವನದೂ ತಪ್ಪಲ್ಲ.

*

ಮಂಗಳವಾರ ಮಧ್ಯಾಹ್ನ ಕೊನೆಯ ಎಣಿಕೆ ಹೊರಬಂತು. ಯಾದಿರಾ ತಾಯಿಯ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಕೌಂಟಿಯ ವೆಬ್‌ಸೈಟ್ ತೆಗೆದು ತಾಯಿಯ ಹೆಸರು, ಜನ್ಮದಿನ ಒತ್ತಿ ಕಾದಳು.

"ಎಣಿಸಿದಾರೆ ಅಮ್ಮ."

"ನಂದಾ?"

"ನಿಂದೇ. ಮುನ್ನೂರ ನಲವತ್ತೆರಡರಿಂದ ಸೋತ್ವಿ."

ಕೂಕಾ ಗ್ಯಾಸ್ ಸಣ್ಣ ಮಾಡಿದಳು. "ಸೋಲೋದು ಬೇರೆ," ಎಂದಳು. "ಇಲ್ಲವೇ ಇಲ್ಲ ಅನ್ನಿಸಿಕೊಳ್ಳೋದು ಬೇರೆ." ಆಮೇಲೆ ಸೆರಗಿನಂತೆ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು ಗದರಿದಳು: "ಹೋಗು, ಅವನನ್ನ ಕರಿ. ಮುಕ್ಕಾಲು ಗಂಟೆಯಿಂದ ಗಾಡೀಲಿ ಕೂತಿದಾನೆ. ಅಕ್ಕಪಕ್ಕದವರು ಏನಂದ್ಕೋಬೇಕು?"

ಯಾದಿರಾ ಸ್ವೆಟರ್ ಕೂಡ ಹಾಕಿಕೊಳ್ಳದೆ ಹೊರಗೆ ಬಂದು ಗಾಡಿಯ ಗಾಜು ಬಡಿದಳು. ಅವನು ಇಳಿಸಿದ.

"ಒಳಗೆ ಬರೋಕೆ ಏನು ರೋಗ ನಿಂಗೆ?"

"ಇನ್ನೂ ಸಿಟ್ಟಲ್ಲಿದೀಯೇನೋ ಅಂತ."

"ಇದೀನಿ."

"ನನ್ನ ಮೇಲಾ?"

"ನಿನ್ನ ಮೇಲೆ ಶನಿವಾರವೇ ಮುಗೀತು. ನಂಗೆ ಹೇಳೋಕೆ ಬಾಯಿ ಬರ್ಲಿಲ್ಲ." ಅವಳು ಕೈ ಕಟ್ಟಿಕೊಂಡಳು. ಚಳಿಗೆ ತುಟಿ ನಡುಗುತ್ತಿತ್ತು. "ಆ ಇಂಗ್ಲಿಷ್ ಕಾಗದದ ಮೇಲೆ ಸಿಟ್ಟು. ಅರ್ಧ ಹಾಳೆ ಮೇಲೆ ಸಿಟ್ಟು. ಸೋತ ಮೇಲೆ ಬೀಗ ಹಾಕ್ಕೊಂಡು ಹೋದವರ ಮೇಲೆ ಸಿಟ್ಟು. ಹತ್ತೊಂಬತ್ತು ವರ್ಷ ನಿಂಗೆ ಓಟು ಕೊಡದೇ ಇರೋದರ ಮೇಲಂತೂ ಎಲ್ಲಕ್ಕಿಂತ ಹೆಚ್ಚು. ಇದು ಇಳಿಯೋ ಸಿಟ್ಟಲ್ಲ ಎಲಿಸೆಯೊ. ಸಾಯೋವರೆಗೂ ಇರುತ್ತೆ. ನನ್ನ ಜೊತೆ ಇರೋರು ಇದರ ಜೊತೆಗೂ ಇರ್ಬೇಕು. ಆಮೇಲೆ ಗೊತ್ತಿರ್ಲಿಲ್ಲ ಅನ್ಬೇಡ. ಆಗುತ್ತಾ ನಿನ್ನ ಕೈಲಿ?"

ಅವನು ಗಾಡಿಯಿಂದ ಇಳಿದ. ತನ್ನ ಜಾಕೆಟ್ ಬಿಚ್ಚಿ ಅವಳ ಭುಜದ ಮೇಲೆ ಹಾಕಿದ. ಹಾಕಿದ ಮೇಲೂ ಕಾಲರು ಹಿಡಿದ ಕೈಗಳನ್ನು ತೆಗೆಯಲಿಲ್ಲ.

"ನಂಗೂ ಇದೆ," ಎಂದ. "ದಿನಾ ಬೆಳಿಗ್ಗೆ ಮೈಕ್ ಮುಂದೆ ನಗ್ತಾ ನಗ್ತಾ ಅದನ್ನ ನುಂಗ್ಕೋತಿದ್ದೆ. ಒಬ್ಬನೇ ಇಟ್ಕೊಂಡು ಇಟ್ಕೊಂಡು ಸಾಕಾಗಿತ್ತು ಯಾದಿರಾ."

ಅವಳು ಅವನ ಶರ್ಟಿನ ಮುಂಭಾಗವನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಜಗಳಕ್ಕೆ ನಿಂತವಳಂತೆ ಹತ್ತಿರ ಎಳೆದುಕೊಂಡು, ಹಗಲು ಹೊತ್ತಿನಲ್ಲಿ, ಓಣಿಯ ಮಂದಿಯ ಕಣ್ಣೆದುರಿಗೇ ಮುತ್ತಿಟ್ಟಳು. ಬಾಗಿಲಲ್ಲಿ ನಿಂತಿದ್ದ ಕೂಕಾ, "ಸಾರು ಆರಿಹೋಗ್ತಾ ಇದೆ!" ಎಂದು ಕೂಗಿ ಒಳಗೆ ಹೋದಳು.